ದಪ್ಪಕ್ಕನ ಸ್ಟೂಲ್ ವಿಚಾರದಲ್ಲಿ ಇಸ್ತ್ರಿ ಅಂಗಡಿಯಾಕೆ ಬರೆಸಿದ್ದು

ವಯಸ್ಸು ನಲವತ್ತೊಂದು ವರ್ಷ, ವೃತ್ತಿ ಬಟ್ಟೆ ಇಸ್ತ್ರಿ, ವಾಸ ಹಳೇ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಇಸ್ತ್ರಿ ಅಂಗಡಿಯ ಹಿಂಭಾಗದ ಎರಡು ಕೋಣೆ, ತೂಕ ನಲವತ್ತಾರು ಕಿಲೋ. ಹೇಳಿಕೆಯಲ್ಲಿ ಯಾರೂ ತೂಕ ಬರೆಸುವುದಿಲ್ಲವೆಂದು ಸಾಹೇಬರು ಹೇಳಿದರು. ಈ ಪ್ರಕರಣದಲ್ಲಿ ಅದು ಬೇಕಾಗುತ್ತದೆ, ಆದ್ದರಿಂದ ಬರೆಸಿದ್ದೇನೆ. ಯಾರೂ ಕರೆಯದೆ, ಯಾರೂ ಕಳಿಸದೆ ನಾನಾಗಿಯೇ ಠಾಣೆಗೆ ಬಂದು ತಿಳಿಸುತ್ತಿರುವುದು ಏನೆಂದರೆ:

ಕಳೆದ ಮಂಗಳವಾರ ನಮ್ಮ ಅಂಗಡಿಯಲ್ಲಿ ನಡೆದ ಹೊಡೆದಾಟದ ಬಗ್ಗೆ ನನ್ನ ಯಜಮಾನರು ಅದೇ ದಿನ ದೂರು ಕೊಟ್ಟಿರುತ್ತಾರೆ. ಒಬ್ಬ ಶಾಲಾ ವ್ಯಾನ್ ಡ್ರೈವರ್ ಗಲ್ಲಾ ದೋಚಲು ನುಗ್ಗಿದನೆಂದೂ, ತಡೆಯಲು ಹೋದ ನನಗೂ ನನ್ನ ಮೈದುನನಿಗೂ ಹೊಡೆದನೆಂದೂ ಅದರಲ್ಲಿದೆ. ಹೊಡೆದದ್ದು ನಿಜ. ದೋಚಲು ಬಂದದ್ದು ಸುಳ್ಳು. ಆ ಹೊತ್ತಿನಲ್ಲಿ ಯಜಮಾನರು ಅಂಗಡಿಯಲ್ಲಿ ಇರಲೇ ಇಲ್ಲ, ಸೈಕಲ್ ಮೇಲೆ ಬಟ್ಟೆ ಕೊಡಲು ಹೋಗಿದ್ದರು. ಆ ಡ್ರೈವರ್ ನನ್ನ ಎರಡು ಬೆರಳು ಮುರಿದಿದ್ದಾನೆ, ಅವನನ್ನು ಬಿಟ್ಟುಬಿಡಿ ಎಂದು ಕೇಳಲು ನಾನು ಬಂದಿಲ್ಲ. ಆದರೆ ಅವನು ಬಂದ ಕಾರಣ ಬೇರೆ. ಆ ಕಾರಣ ಇನ್ನೂ ಹಾಗೆಯೇ ತೆರೆದುಕೊಂಡು ಕೂತಿದೆ. ಅದನ್ನು ಮುಚ್ಚದಿದ್ದರೆ ಇನ್ನೊಬ್ಬ ಹೆಂಗಸು ಸಾಯುತ್ತಾಳೆ.

ನನ್ನ ಮೈದುನನಿಗೆ ಇಪ್ಪತ್ತಾರು ವರ್ಷ. ನಮ್ಮ ಜೊತೆಯಲ್ಲೇ ಇದ್ದಾನೆ. ಅಂಗಡಿಯ ಮೇಲಿನ ಅಟ್ಟದಲ್ಲಿ ಒಂದು ಹಾಸಿಗೆ, ಒಂದು ಲ್ಯಾಪ್‌ಟಾಪ್ ಹಾಕಿಕೊಂಡಿದ್ದಾನೆ. ಅಟ್ಟಕ್ಕೆ ಒಂದು ಕಬ್ಬಿಣದ ಏಣಿ. ಯಾವ ಕೆಲಸಕ್ಕೆ ಸೇರಿದರೂ ಅಲ್ಲಿಯ ಮೇಲಧಿಕಾರಿಗೆ ಬುದ್ಧಿ ಹೇಳಿ ವಾಪಸ್ ಬರುವುದು ಅವನ ಅಭ್ಯಾಸ. ಹೋದ ವರ್ಷ, ಇನ್ನು ಯಾರ ಕೈಕೆಳಗೂ ದುಡಿಯುವುದಿಲ್ಲ, ಬ್ಲಾಗ್ ಶುರು ಮಾಡುತ್ತೇನೆ ಎಂದನು.

ಅದೇನೆಂದು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಆನ್‌ಲೈನ್ ಅಂಗಡಿಯ ಸಾಮಾನನ್ನು ಹೊಗಳಿ ಬರೆಯುವುದು, ಕೆಳಗೆ ಲಿಂಕ್ ಹಾಕುವುದು. ಓದಿದವರು ಆ ಲಿಂಕ್ ಒತ್ತಿ ಸಾಮಾನು ಕೊಂಡರೆ ಇವನಿಗೆ ಕಮಿಷನ್. ಇದಕ್ಕೆ ಅಫಿಲಿಯೇಟ್ ಮಾರ್ಕೆಟಿಂಗ್ ಎನ್ನುತ್ತಾರಂತೆ. ಆದರೆ ಮಿಕ್ಸಿ, ಮೊಬೈಲ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಅಲ್ಲಿ ಇವನನ್ನು ಮೂಸಿ ನೋಡುವವರಿಲ್ಲ. ಆದ್ದರಿಂದ ಪೈಪೋಟಿ ಕಡಿಮೆ ಇರುವ ಕೀವರ್ಡ್ ಹುಡುಕಬೇಕೆಂದು ಹೇಳಿದನು. ಕೀವರ್ಡ್ ಎಂದರೆ ಜನ ಫೋನಿನಲ್ಲಿ ಹುಡುಕಲು ಒತ್ತುವ ಮಾತು. "ಹುಡುಕೋರು ಇರ್ಬೇಕು ಅತ್ತಿಗೆ, ಬರ್ದಿರೋರು ಇರ್ಬಾರ್ದು. ಅಂಥದ್ದು ಒಂದು ಸಿಕ್ತು ಅಂದ್ರೆ ಅಲ್ಲಿಗೆ ನಾನೇ ರಾಜ" ಎಂದನು. ಯಾರೂ ಇಲ್ಲದ ಕಡೆ ರಾಜ ಆಗೋಕೆ ನೀನೇ ಸರಿ ಕಣೋ ಎಂದು ನಾನು ರೇಗಿಸಿದೆನು.

ತಿಂಗಳೊಪ್ಪತ್ತು ಕಳೆದ ಮೇಲೆ ಒಂದು ಬೆಳಿಗ್ಗೆ ಏಣಿಯ ಅರ್ಧದಿಂದಲೇ ಕೆಳಕ್ಕೆ ಹಾರಿ, ಸಿಕ್ಕಿತು ಎಂದು ಕೂಗಿದನು. ಸಿಕ್ಕಿದ್ದು ಇದು: ನೂರಿಪ್ಪತ್ತು ಕಿಲೋ ಮೀರಿದವರಿಗೆ ಸ್ನಾನದ ಸ್ಟೂಲ್. ಇದನ್ನು ಹುಡುಕುವವರು ಇದ್ದಾರೆ, ಇದರ ಬಗ್ಗೆ ನಮ್ಮ ಭಾಷೆಯಲ್ಲಿ ಬರೆದವರು ಒಬ್ಬರೂ ಇಲ್ಲ ಎಂದು ಹೇಳಿದನು. ಯಾಕೆ ಒಬ್ಬರೂ ಬರೆದಿಲ್ಲ ಎಂದು ಅವತ್ತು ನಾನು ಕೇಳಲಿಲ್ಲ.

ಒಂದು ಸ್ಟೂಲ್ ತರಿಸಿದನು. ಬಿಳೀ ಪ್ಲಾಸ್ಟಿಕ್ ಹಲಗೆ, ನಾಲ್ಕು ಅಲ್ಯೂಮಿನಿಯಂ ಕಾಲು. ಸ್ವಂತ ಫೋಟೋ ಇದ್ದರೆ ಜನ ನಂಬುತ್ತಾರೆಂದು ಹೇಳಿ, ಅದರ ಮೇಲೆ ಕೈ ಊರಿ ಒತ್ತುವಂತೆ ನನಗೆ ಹೇಳಿ ಫೋಟೋ ತೆಗೆದನು. ಮುಖ, ಮೈ ಬೇಡ, ಕೈ ಸಾಕು ಎಂದನು. ನನ್ನ ಎಡಗೈ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿ ತಗುಲಿದ ಹಳೇ ಸುಟ್ಟ ಕಲೆ ಇದೆ, ಸಾಹೇಬರು ನೋಡಿದ್ದಾರೆ. ಅದು ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಫೋಟೋ ಆದ ಮೇಲೆ ಸ್ಟೂಲನ್ನು ಬಂದ ಡಬ್ಬದಲ್ಲೇ ಹಾಕಿ, ಅಳತೆ ಸರಿಹೋಗಲಿಲ್ಲವೆಂದು ಕಾರಣ ಕೊಟ್ಟು ವಾಪಸ್ ಕಳಿಸಿ ದುಡ್ಡು ತರಿಸಿಕೊಂಡನು. ಈ ಕಸುಬಿನವರಲ್ಲಿ ಬಹಳ ಜನ ಹೀಗೇ ಮಾಡುವುದಂತೆ. ನಮ್ಮ ಮನೆಯಲ್ಲಿ ಆ ಸ್ಟೂಲ್ ಮೇಲೆ ಯಾರೂ ಒಂದು ನಿಮಿಷ ಕೂತಿಲ್ಲ.

ತನ್ನಂಥ ಕಡ್ಡಿ ಪೈಲ್ವಾನ್ ಬರೆದರೆ ಯಾರು ನಂಬುತ್ತಾರೆಂದು ಹೇಳಿ, ಬರೆಯುವವಳಿಗೆ ದಪ್ಪಕ್ಕ ಎಂದು ಹೆಸರಿಟ್ಟನು. ದಪ್ಪಕ್ಕನ ತೂಕ ನೂರಿಪ್ಪತ್ತೈದು ಕಿಲೋ, ದಪ್ಪಕ್ಕ ಇಸ್ತ್ರಿ ಅಂಗಡಿ ನಡೆಸುತ್ತಾಳೆ, ದಿನವಿಡೀ ನಿಂತು ದಪ್ಪಕ್ಕನ ಮಂಡಿ ಸೋತಿದೆ, ವರ್ಷದಿಂದ ದಪ್ಪಕ್ಕ ಈ ಸ್ಟೂಲ್ ಮೇಲೆ ಕೂತೇ ಸ್ನಾನ ಮಾಡುತ್ತಾಳೆ. ಮಂಡಿ ನೋವು ನನ್ನದು, ಮಾತೂ ನನ್ನದು. ನಾನು ಗಿರಾಕಿಗಳ ಜೊತೆ ಆಡುವ ಮಾತನ್ನೆಲ್ಲ ಅಟ್ಟದ ಮೇಲೆ ಕೂತು ಕೇಳಿಸಿಕೊಂಡು ಅವಳ ಬಾಯಿಗೆ ತುರುಕಿದನು. ಯಾರಾದರೂ ಕಷ್ಟ ಹೇಳಿಕೊಂಡರೆ, ನಾನಿದ್ದೀನಿ ಬಿಡು ಎನ್ನುವುದು ನನ್ನ ರೂಢಿ. ಅದನ್ನೂ ಎತ್ತಿಕೊಂಡನು. ಓದಿದವರು ಏನಾದರೂ ಬರೆದು ಕೇಳಿದರೆ ದಪ್ಪಕ್ಕನ ಹೆಸರಿನಲ್ಲಿ ಇವನೇ ಫೋನಿನಿಂದ ಉತ್ತರ ಕೊಡುತ್ತಿದ್ದನು. ಒಂದೆರಡು ಸಾಲು ಓದಿ ಹೇಳಿದಾಗ ನಾನು ನಕ್ಕೆನು. ನನ್ನ ಮಾತು ಅಚ್ಚಾದ ಹಾಗಾಯಿತಲ್ಲ ಎಂದು ಹಿಗ್ಗಿದ್ದೂ ಉಂಟು.

ಮಂಗಳವಾರ ಮಧ್ಯಾಹ್ನ ನಾಲ್ಕು ಗಂಟೆಯ ಸುಮಾರಿಗೆ ನಾನು ಹತ್ತಿ ಅಂಗಿಗಳನ್ನು ಇಸ್ತ್ರಿ ಮಾಡುತ್ತಿದ್ದೆನು. ಮೈದುನ ಅಟ್ಟದಲ್ಲಿದ್ದನು. ಸುಮಾರು ಐವತ್ತು ವರ್ಷದ ಒಬ್ಬ ಗಂಡಸು ಗೋಣಿಚೀಲ ಹಿಡಿದು ಒಳಗೆ ಬಂದನು. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ಮೇಲೆ ಕೆಳಗೆ ಆಗಿತ್ತು. ಬಟ್ಟೆ ತಂದಿದ್ದಾನೆಂದು ತಿಳಿದು, ನಾಳೆ ಕೊಡುತ್ತೇನೆ ಎಂದೆನು. ಆತ ನನ್ನ ಕೈಯನ್ನೇ ನೋಡುತ್ತ, "ಆ ಕೈ ತೋರ್ಸಿ ಅಮ್ಮ" ಎಂದನು. "ಕೈ ನೋಡಿ ಭವಿಷ್ಯ ಹೇಳೋರಾ? ಇಸ್ತ್ರಿ ಬಿಟ್ಟು ಬೇರೆ ಏನಾದ್ರೂ ಕಂಡ್ರೆ ಹೇಳಿ" ಎಂದು ನಾನು ಕೈ ಚಾಚಿದೆನು. ಆತ ಕಲೆಯ ಮೇಲೆ ಬೆರಳಿಟ್ಟು ನೋಡಿ, ನೀವೇ ದಪ್ಪಕ್ಕ ಎಂದನು.

ನಾನು ನಕ್ಕೆನು. ಏನ್ರೀ, ನಾನು ನಿಮಗೆ ದಪ್ಪ ಕಾಣ್ತೀನಾ ಎಂದು ಕೇಳಿ ಇನ್ನೂ ನಕ್ಕೆನು. ಹೀಗೆ ನಕ್ಕದ್ದನ್ನು ಬರೆದುಕೊಳ್ಳಬೇಕೆಂದು ಕೋರುತ್ತೇನೆ, ಏಕೆಂದರೆ ಹೊಡೆತ ಬಿದ್ದದ್ದು ಆಮೇಲೆ.

ಆತ ಚೀಲ ಬೋರಲು ಹಾಕಿದನು. ಮೂರು ಕಾಲಿನ ಒಂದು ಬಿಳೀ ಸ್ಟೂಲ್ ಬಿತ್ತು, ನಾಲ್ಕನೇ ಕಾಲು ಬೇರೆಯಾಗಿ ಬಿತ್ತು. ಸ್ಟೂಲನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, "ವರ್ಷದಿಂದ ಕೂತಿದೀರಲ್ಲ, ಕೂತು ತೋರ್ಸಿ" ಎಂದನು. ಹುಚ್ಚನೆಂದು ತಿಳಿದು ನಾನು ಹೊರಗೆ ಹೋಗಲು ಹೇಳಿದೆನು. ಆತ ಬಿದ್ದಿದ್ದ ಕಾಲನ್ನು ಎತ್ತಿಕೊಂಡು ಬೀಸಿದನು. ಮೊದಲನೇ ಏಟು ಮಡಿಚಿಟ್ಟ ಅಂಗಿಗಳ ಮೇಲೆ ಬಿತ್ತು. ಎರಡನೇ ಏಟು ಮೇಜಿನ ಮೇಲಿದ್ದ ನನ್ನ ಬಲಗೈ ಮೇಲೆ ಬಿತ್ತು. ಬೆರಳುಗಳು ಹಿಂದಕ್ಕೆ ಮಡಿಚಿದ್ದು ಕಣ್ಣಿಗೆ ಕಂಡಿತು, ನೋವು ಆಮೇಲೆ ಬಂತು. ಮೂರನೇ ಏಟಿಗೆ ಭುಜ ಹಿಡಿದು ಮೇಜಿನ ಬುಡದಲ್ಲಿ ಕುಸಿದೆನು. ಅಲ್ಯೂಮಿನಿಯಂ ಕಾಲಿನ ಒಡೆದ ತುದಿಯಲ್ಲಿ ನನ್ನ ರವಿಕೆಯ ತೋಳಿನ ಚೂರು ಸಿಕ್ಕಿಕೊಂಡಿತ್ತು.

ನಾನು ಅಟ್ಟದ ಕಡೆ ನೋಡಿ, ಇಳಿದು ಬಾರೋ, ಸಾಯಿಸ್ತಾನೆ ಎಂದು ಕೂಗಿದೆನು. ಆಗ ಏಣಿ ಅಲುಗಾಡಿತು. ಬರುತ್ತಿದ್ದಾನೆ ಎಂದುಕೊಂಡೆನು. ಏಣಿಯ ಕಾಲು ನನ್ನ ಕಣ್ಣೆದುರಿಗೇ ನೆಲ ಬಿಟ್ಟು ಮೇಲಕ್ಕೆ ಹೋಯಿತು. ನನ್ನ ಮೈದುನ ಏಣಿಯನ್ನು ಮೇಲಕ್ಕೆ ಎಳೆದುಕೊಂಡನು. ಹದಿನೇಳು ವರ್ಷದಿಂದ ನಾನು ಅನ್ನ ಹಾಕಿ ಬೆಳೆಸಿದ ಹುಡುಗ.

ಆ ವ್ಯಕ್ತಿ ನಾಲ್ಕನೇ ಏಟಿಗೆ ಕೈ ಎತ್ತಿದವನು ನನ್ನನ್ನು ನೋಡುತ್ತ ನಿಂತುಬಿಟ್ಟನು. "ನಿಮ್ ತೂಕ ಎಷ್ಟು?" ಎಂದು ಕೇಳಿದನು. ನಲವತ್ತಾರು ಎಂದೆನು. ಹಾಗಾದರೆ ಬರೆದವರು ಯಾರು ಎಂದು ಕೇಳಿದನು. ನನ್ನ ಕಣ್ಣು ಅಟ್ಟಕ್ಕೆ ಹೋಯಿತು. ತಾನಾಗಿ ಹೋಯಿತೋ ನಾನೇ ಕಳಿಸಿದೆನೋ ಹೇಳಲಾರೆ.

ಆತ ಇಸ್ತ್ರಿ ಮೇಜನ್ನು ಹತ್ತಿ, ಅಟ್ಟದ ಅಂಚಿನಿಂದ ಹೊರಗೆ ಚಾಚಿಕೊಂಡಿದ್ದ ಏಣಿಯ ತುದಿಯನ್ನು ಹಿಡಿದು ಜಗ್ಗಿದನು. ಮೈದುನ ಆ ಕಡೆಯ ತುದಿಯನ್ನು ಬಿಡಲಿಲ್ಲ. ಬಿಟ್ಟಿದ್ದರೆ ಮೇಲೆಯೇ ಉಳಿಯುತ್ತಿದ್ದನು. ಏಣಿಯ ಜೊತೆಗೇ ಮುಖ ಅಡಿಯಾಗಿ ಸಿಮೆಂಟ್ ನೆಲಕ್ಕೆ ಬಿದ್ದನು. ಮುಂದಿನ ಎರಡು ಹಲ್ಲು ನನ್ನ ಮುಂದಕ್ಕೆ ಉರುಳಿ ಬಂದವು. ಆತ ಮೇಜಿನಿಂದ ಇಳಿದು ಆ ಅಲ್ಯೂಮಿನಿಯಂ ಕಾಲಿನಿಂದಲೇ ಮೈದುನನ ಮೊಣಕಾಲ ಕೆಳಗೆ ಹೊಡೆದನು. ಒಂದೇ ಜಾಗಕ್ಕೆ ಹೊಡೆದನು. ಮೊದಲು ಏಟಿನ ಸದ್ದು ಬರುತ್ತಿತ್ತು, ಆಮೇಲೆ ಒಣ ಸೌದೆ ಮುರಿದ ಸದ್ದು ಬಂತು. ಮೈದುನ ಬಾಯಿ ತುಂಬ ರಕ್ತ ಇಟ್ಟುಕೊಂಡು, "ನಾನಲ್ಲ, ನಾನಲ್ಲ, ಅತ್ತಿಗೆ ಬರ್ದಿದ್ದು, ಅವಳದೇ ಕೈ ನೋಡಿ" ಎಂದು ಕೂಗಿದನು. ಮುಂದಿನ ಏಟು ಅವನ ದವಡೆಗೆ ಬಿತ್ತು. ಆ ನಂತರ ಅವನು ಮಾತಾಡಿಲ್ಲ.

ಅವನು ಹಾಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಕೇಳಿಸಿಯೂ ನಾನು ಎದ್ದು, ಎಡಗೈಯಲ್ಲಿ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು, ಬಗ್ಗಿದ್ದ ಆ ವ್ಯಕ್ತಿಯ ಬೆನ್ನಿನ ಮೇಲೆ ಇಟ್ಟು ಒತ್ತಿದೆನು. ಕಾವು ಹತ್ತಿ ಬಟ್ಟೆಯ ಮಟ್ಟದಲ್ಲಿತ್ತು, ಅದಕ್ಕಿಂತ ಹೆಚ್ಚಿನ ಕಾವು ಆ ಪೆಟ್ಟಿಗೆಯಲ್ಲಿ ಇಲ್ಲ. ಅಂಗಿ ಪಾಲಿಯೆಸ್ಟರ್ ಆಗಿದ್ದರಿಂದ ಕರಗಿ ಚರ್ಮಕ್ಕೆ ಅಂಟಿಕೊಂಡಿತು. ಪೆಟ್ಟಿಗೆಯನ್ನು ಎತ್ತುವಾಗ ಎರಡೂ ಕಿತ್ತುಬಂದವು. ಆ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ, ಎರಡು ದಿನದಿಂದ ಅನ್ನ ಸೇರುತ್ತಿಲ್ಲ. ಇದನ್ನು ಮಾಡಿದವಳು ನಾನು. ಯಜಮಾನರ ದೂರಿನಲ್ಲಿ, ತಳ್ಳಾಟದಲ್ಲಿ ಆತನೇ ಪೆಟ್ಟಿಗೆಯ ಮೇಲೆ ಬಿದ್ದನೆಂದು ಇದೆ. ಅದನ್ನು ಹೊಡೆದುಹಾಕಬೇಕು.

ಆತ ಸ್ಟೂಲಿನ ಕಾಲನ್ನು ಕೆಳಗಿಟ್ಟು, ಬೆನ್ನು ಎಲ್ಲಿಗೂ ತಾಗದಂತೆ ಮುಂದಕ್ಕೆ ಬಾಗಿ ನೆಲದ ಮೇಲೆ ಕೂತನು. ನಾನು ಕೇಳದಿದ್ದರೂ ಹೇಳತೊಡಗಿದನು. ಅವನ ಹೆಂಡತಿಗೆ ನೂರಿಪ್ಪತ್ತೆಂಟು ಕಿಲೋ ತೂಕ ಇತ್ತಂತೆ. ಮಂಡಿ ಕೈಕೊಟ್ಟ ಮೇಲೆ ನಿಂತು ಸ್ನಾನ ಮಾಡಲು ಆಗುತ್ತಿರಲಿಲ್ಲ. ಅಂಗಡಿಗೆ ಹೋಗಿ ತನ್ನ ತೂಕ ಹೇಳಿ ಸ್ಟೂಲ್ ಕೇಳಲು ನಾಚಿಕೆ, ಗಂಡನನ್ನು ಕಳಿಸಲೂ ನಾಚಿಕೆ. ಫೋನಿನಲ್ಲಿ ಹುಡುಕಿ ದಪ್ಪಕ್ಕನನ್ನು ಕಂಡುಕೊಂಡಳು. ದಿನಾ ಸಂಜೆ ದಪ್ಪಕ್ಕನಿಗೆ ಬರೆಯುತ್ತಿದ್ದಳು, ದಪ್ಪಕ್ಕನ ಜೋಕುಗಳನ್ನು ಗಂಡನಿಗೆ ಓದಿ ಹೇಳುತ್ತಿದ್ದಳು. ಮಂಡಿ ಸರಿಯಾದ ಮೇಲೆ ದಪ್ಪಕ್ಕನ ಇಸ್ತ್ರಿ ಅಂಗಡಿಗೆ ಹೋಗಿಬರೋಣ ಎಂದಿದ್ದಳು. ಸ್ಟೂಲ್ ಬಂದ ನಾಲ್ಕನೇ ದಿನ ಅದರ ಕಾಲು ಮುರಿಯಿತು. ಒಳಗಿನಿಂದ ಚಿಲಕ ಹಾಕಿತ್ತು. ಆತ ಬಾಗಿಲು ಒಡೆದು ನೋಡಿದಾಗ ತಲೆಯ ಹಿಂಭಾಗ ನಲ್ಲಿಗೆ ಬಡಿದು, ನೀರು ಕೆಂಪಗೆ ಹರಿಯುತ್ತಿತ್ತು. ಅವಳನ್ನು ಎತ್ತಲು ಅವನೊಬ್ಬನಿಂದ ಆಗಲಿಲ್ಲ, ಬೀದಿಯವರನ್ನು ಕರೆಯಬೇಕಾಯಿತು. ಅವಳು ಹೆದರುತ್ತಿದ್ದದ್ದು ಅದಕ್ಕೇ, ಬೀದಿಯವರು ತನ್ನನ್ನು ಹಾಗೆ ನೋಡುವುದಕ್ಕೆ ಎಂದು ಹೇಳಿ ಆತ ಅತ್ತನು. ಆಸ್ಪತ್ರೆಯಲ್ಲಿ ಪ್ರಜ್ಞೆ ಬರಲೇ ಇಲ್ಲ.

ಅಂದಿನಿಂದ ಆತ ವ್ಯಾನ್ ಬಿಟ್ಟು, ಸಿಕ್ಕಿದ ಇಸ್ತ್ರಿ ಅಂಗಡಿಗೆಲ್ಲ ಹೋಗಿ ಹೆಂಗಸರ ಎಡಗೈ ನೋಡುತ್ತ ತಿರುಗಿದನಂತೆ. ಸ್ಟೂಲನ್ನು ಬೋರಲು ಮಾಡಿ ಹಲಗೆಯ ಅಡಿಯ ಚೀಟಿ ತೋರಿಸಿದನು. ನೂರು ಕಿಲೋ ಮಾತ್ರ ಎಂದು ಸಣ್ಣ ಅಕ್ಷರದಲ್ಲಿತ್ತು. ಅವಳು ಸ್ಟೂಲನ್ನು ಬೋರಲು ಮಾಡಿ ನೋಡುವವಳಲ್ಲ, ದಪ್ಪಕ್ಕ ಬರೆದದ್ದೇ ಅವಳಿಗೆ ಚೀಟಿ. "ಇನ್ನೊಬ್ರು ಯಾರಾದ್ರೂ ಬರ್ದಿದ್ರೆ ಅದನ್ನೂ ಓದಿ ನೋಡ್ತಿದ್ಲು ಅಮ್ಮ. ಎಷ್ಟು ಹುಡುಕಿದ್ರೂ ನೀವೊಬ್ರೇ ಇದ್ರಿ" ಎಂದನು.

ಎದುರಿನ ಝೆರಾಕ್ಸ್ ಅಂಗಡಿಯಾಕೆ ಪೊಲೀಸರಿಗೆ ಫೋನ್ ಮಾಡಿದ್ದಳು. ಪೊಲೀಸರು ಬರುವವರೆಗೂ ಆತ ಎದ್ದು ಹೋಗಲಿಲ್ಲ. ನೀರು ಕೇಳಿದನು, ಕೊಟ್ಟೆನು. ಗಲ್ಲಾ ಅವನ ಎಡಕ್ಕೆ ಒಂದು ಮೊಳ ದೂರದಲ್ಲಿ ತೆರೆದೇ ಇತ್ತು. ಅದರ ಕಡೆ ಅವನು ತಿರುಗಿಯೂ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು, "ಅವ್ನು ನನ್ನ ತಮ್ಮ ಕಣೇ. ನೀನು ಬಾಯ್ ಮುಚ್ಕೊಂಡಿರು, ನಿನ್ ಪರವಾಗಿ ನಾನೇ ಹೇಳ್ತೀನಿ" ಎಂದರು. ಕೈ ನೋವಿನಲ್ಲಿ ನಾನು ಸುಮ್ಮನಾದೆನು. ಆ ದೂರು ಹಾಗೆ ಹುಟ್ಟಿದ್ದು.

ಮೈದುನನ ದವಡೆಗೆ ತಂತಿ ಕಟ್ಟಿದ್ದಾರೆ. ಹೇಳಬೇಕಾದ್ದನ್ನು ಫೋನಿನಲ್ಲಿ ಒತ್ತಿ ತೋರಿಸುತ್ತಾನೆ. ನೂರಿಪ್ಪತ್ತು ಕಿಲೋ ಮೀರಿದವರಿಗೆ ಎಂದು ಬರೆದು ನೂರು ಕಿಲೋದ ಸ್ಟೂಲಿಗೆ ಯಾಕೆ ಲಿಂಕ್ ಹಾಕಿದೆ ಎಂದು ನಿನ್ನೆ ಬೆಳಿಗ್ಗೆ ಕೇಳಿದೆನು. ಅವನು ಒತ್ತಿ ತೋರಿಸಿದ್ದು: "ಅದಕ್ಕಿಂತ ಗಟ್ಟಿ ಸ್ಟೂಲ್ ಆ ಆನ್‌ಲೈನ್ ಅಂಗಡಿಯಲ್ಲಿ ಇರಲೇ ಇಲ್ಲ ಅತ್ತಿಗೆ. ಅದಕ್ಕೇ ಯಾರೂ ಬರೆದಿರಲಿಲ್ಲ." ಇದನ್ನು ಓದಿ ನನಗೆ ಅವನ ಇನ್ನೊಂದು ದವಡೆಗೂ ಬಾರಿಸಬೇಕೆನ್ನಿಸಿತು. ಇಷ್ಟು ಜನ ಸುಮ್ಮನಿದ್ದದ್ದಕ್ಕೆ ಕಾರಣ ಗೊತ್ತಾದ ಮೇಲೂ ಇವನು ಅದನ್ನು ಅದೃಷ್ಟವೆಂದು ಬಗೆದನು.

ಸತ್ತ ಹೆಂಗಸಿನ ಸಂದೇಶಗಳನ್ನು ಅದೇ ಫೋನಿನಲ್ಲಿ ಓದಿದೆನು. ಸ್ಟೂಲ್ ಬಂದ ದಿನ ಅವಳು ಬರೆದದ್ದು: "ದಪ್ಪಕ್ಕಾ, ಕಾಲು ತೀರಾ ಸಣ್ಣಗಿವೆ, ಭಯ ಆಗುತ್ತೆ." ಅದರ ಕೆಳಗೆ ದಪ್ಪಕ್ಕನ ಉತ್ತರ: "ಧೈರ್ಯವಾಗಿ ಕೂತ್ಕೋ ತಾಯಿ, ನಾನಿದ್ದೀನಿ." ನನ್ನ ಮಾತು ಅದು. ಅವಳು ಅದನ್ನು ನಂಬಿ ಕೂತಳು. ಅದನ್ನು ಓದಿದ ಮೇಲೆ ಮುರಿದ ಬೆರಳಿನ ನೋವು ನನಗೆ ಗೊತ್ತೇ ಆಗಲಿಲ್ಲ.

ಆ ಪುಟವನ್ನು ಈಗಲೇ ತೆಗೆ ಎಂದು ಮೈದುನನಿಗೆ ಹೇಳಿದೆನು. ತೆಗೆದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಎಂದು ಒತ್ತಿ ತೋರಿಸಿದನು. ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತು. ಕೇಸು ಮುಗಿಯುವವರೆಗೆ ಏನನ್ನೂ ಮುಟ್ಟಬೇಡಿ ಎಂದು ಯಜಮಾನರೂ ಹೇಳಿದರು. ಅಣ್ಣ ತಮ್ಮ ಇಬ್ಬರೂ ಹೀಗೆ ಒಂದಾಗಿರುವಾಗಲೇ ಫೋನ್ ಸದ್ದು ಮಾಡಿತು. ನನಗೆ ಗುರುತಿಲ್ಲದ ಒಬ್ಬ ಹೆಂಗಸು ಬರೆದಿದ್ದಳು: "ದಪ್ಪಕ್ಕಾ, ನಾನು ನೂರಿಪ್ಪತ್ತೆರಡು ಇದೀನಿ. ಬಾಣಂತನ ಆದ್ಮೇಲೆ ಬಗ್ಗೋಕೆ ಆಗ್ತಿಲ್ಲ. ಸ್ಟೂಲ್ ತರಿಸ್ಲಾ?"

ಫೋನನ್ನು ಎತ್ತಿಕೊಂಡು ನಾನು ಹೊರಗೆ ಬಂದೆನು. ಎಡಗೈ ಹೆಬ್ಬೆರಳಿನಲ್ಲಿ ಬಹಳ ಹೊತ್ತು ಒತ್ತಿ ಹೀಗೆ ಬರೆದೆನು: "ಬೇಡಮ್ಮ, ತರಿಸ್ಬೇಡ. ಅದು ಮುರಿಯುತ್ತೆ, ಒಬ್ಬಳು ಸತ್ತಿದ್ದಾಳೆ. ಗಟ್ಟಿ ಕಬ್ಬಿಣದ್ದು ವೆಲ್ಡಿಂಗ್ ಅಂಗಡೀಲಿ ಮಾಡಿಸ್ಕೋ. ನಾನು ದಪ್ಪಕ್ಕ ಅಲ್ಲ. ದಪ್ಪಕ್ಕ ಅಂತ ಯಾರೂ ಇಲ್ಲ." ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ಹಾಗಾದ್ರೆ ಇಷ್ಟು ದಿನ ನನ್ ಹತ್ರ ಮಾತಾಡಿದ್ದು ಯಾರು? ಈಗ ಮಾತಾಡ್ತಿರೋ ನೀವು ಯಾರು ಅಕ್ಕ?"

ಆ ಫೋನನ್ನು ಸಾಹೇಬರ ಮೇಜಿನ ಮೇಲೆ ಇಟ್ಟಿದ್ದೇನೆ. ನನಗೆ ಹೊಡೆದದ್ದಕ್ಕೆ ಡ್ರೈವರ್ ಮೇಲೆ, ಅವನನ್ನು ಸುಟ್ಟದ್ದಕ್ಕೆ ನನ್ನ ಮೇಲೆ, ಸುಳ್ಳು ಬರೆದದ್ದಕ್ಕೆ ನನ್ನ ಮೈದುನನ ಮೇಲೆ ಏನು ಕ್ರಮವೋ ತೆಗೆದುಕೊಳ್ಳಿ. ಅದೆಲ್ಲ ನಿಧಾನವಾದರೂ ಸರಿ. ಆ ಪುಟ ಮಾತ್ರ ಇವತ್ತೇ ಹೋಗಬೇಕು, ಏಕೆಂದರೆ ಈಗಲೂ ಹುಡುಕಿದವರಿಗೆ ಸಿಗುವುದು ಅದೊಂದೇ.

ಇಷ್ಟನ್ನೂ ನನ್ನ ಬಾಯಿಂದಲೇ ಹೇಳಿದ್ದೇನೆ. ಬರೆದದ್ದನ್ನು ಓದಿ ಹೇಳಿದರು, ಕೇಳಿದ್ದೇನೆ. ಇದರಲ್ಲಿ ಬೇರೆಯವರು ನನ್ನ ಪರವಾಗಿ ಹೇಳಿದ ಒಂದು ಮಾತೂ ಇಲ್ಲ. ಬಲಗೈಗೆ ಪಟ್ಟಿ ಇರುವುದರಿಂದ ಸಹಿಯ ಬದಲು ಎಡಗೈ ಹೆಬ್ಬೆಟ್ಟು ಒತ್ತುತ್ತಿದ್ದೇನೆ. ಕಲೆ ಇರುವ ಆ ಕೈ ನನ್ನದೇ. ಆ ಹೆಂಗಸಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಹೆಬ್ಬೆಟ್ಟಿನ ಶಾಯಿ ಒರೆಸಿಕೊಂಡ ಮೇಲೆ, ಫೋನನ್ನು ಒಂದು ಸಲ ನನ್ನ ಕೈಗೆ ಕೊಟ್ಟರೆ, ನಾನು ಯಾರೆಂದು ಅವಳಿಗೆ ಬರೆಯುತ್ತೇನೆ.

ಸ್ಥಳ: ಠಾಣೆ, ಬರಹಗಾರರ ಕೋಣೆ
ದಿನ: ಗುರುವಾರ, ಬೆಳಿಗ್ಗೆ
ಎಡಗೈ ಹೆಬ್ಬೆಟ್ಟಿನ ಗುರುತು: ಇಸ್ತ್ರಿ ಅಂಗಡಿಯಾಕೆ